ತೋಳಿನ ಮೇಲಿನ ಪರಿಚಾರಕ: ಮಧುಮೇಹಿಗಳ ಯಂತ್ರಗಳೂ ನಮ್ಮ ಎಚ್ಚರವೂ



ಕಳೆದ ಮಹಾಶಿವರಾತ್ರಿಯ ಮರುದಿನ ಬೆಳಿಗ್ಗೆ ಬನಶಂಕರಿ ಎರಡನೆಯ ಹಂತದ ಕುಟುಂಬವೊಂದು ನಮ್ಮ ಚಿಕಿತ್ಸಾಲಯಕ್ಕೆ ಬಂದಿತು. ಮನೆಯ ಯಜಮಾನರು ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕರು, ಬಹುಕಾಲದಿಂದ ಮಧುಮೇಹಿಗಳು, ಈಚಿನ ಆರು ವರ್ಷಗಳಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು. ಅವರ ಎಡತೋಳಿನ ಹಿಂಬದಿಯಲ್ಲಿ, ದೊಡ್ಡ ನಾಣ್ಯಕ್ಕಿಂತ ತುಸು ಅಗಲವಾದ ಬಿಳಿಯ ಬಿಲ್ಲೆಯೊಂದು ಅಂಟಿಕೊಂಡಿತ್ತು. ವಿದೇಶದಲ್ಲಿರುವ ಮಗ ತಂದೆಯ ಸಕ್ಕರೆಯ ಪ್ರಮಾಣವನ್ನು ತಾನಿದ್ದಲ್ಲಿಂದಲೇ ನೋಡಬಹುದೆಂದು ಹಾಕಿಸಿದ ಸೆನ್ಸರ್ ಅದು.

ಹಿಂದಿನ ದಿನ ಹಿರಿಯರು ಉಪವಾಸವಿದ್ದರು. ಹಾಲು ಹಣ್ಣಿನ ಹೊರತು ಬೇರೇನನ್ನೂ ಸೇವಿಸಿರಲಿಲ್ಲ. ಇನ್ಸುಲಿನ್ ಮಾತ್ರ ಎಂದಿನಷ್ಟೇ ಚುಚ್ಚಿಕೊಂಡಿದ್ದರು. ಜಾಗರಣೆ ಮುಗಿಸಿ ಮಲಗಿದ ಸ್ವಲ್ಪ ಹೊತ್ತಿನಲ್ಲಿಯೇ ಮೈಯೆಲ್ಲ ಬೆವರಿ, ಮಾತು ತೊದಲತೊಡಗಿತು. ಅವರ ಪತ್ನಿ ಎಚ್ಚೆತ್ತು, ಹಳೆಯ ಗ್ಲೂಕೋಮೀಟರ್ ಹುಡುಕಿ ತೆಗೆದು, ಬೆರಳಿನ ಹನಿ ರಕ್ತ ಪರೀಕ್ಷಿಸಿದರು: 48. ತಕ್ಷಣ ಸಕ್ಕರೆ ನೀರು ಕುಡಿಸಿದ್ದರಿಂದ ಪ್ರಾಣಕ್ಕೆ ಅಪಾಯವಾಗಲಿಲ್ಲ. ಸಕ್ಕರೆ ಕುಸಿದಾಗ ಕೂಗಿ ಎಬ್ಬಿಸಬೇಕಾಗಿದ್ದ ಮೊಬೈಲ್, ಪಕ್ಕದಲ್ಲಿಯೇ ಇದ್ದರೂ ಮೂಕವಾಗಿತ್ತು.

ಕುಟುಂಬದವರು ನಮ್ಮನ್ನು ಕೇಳಿದ ಮೊದಲ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. "ಡಾಕ್ಟರೇ, ಯಂತ್ರವನ್ನು ಯಾರಾದರೂ ಹ್ಯಾಕ್ ಮಾಡಿರಬಹುದೇ? ಹಾಗೆ ಮಾಡಿ ಜನರನ್ನು ಕೊಲ್ಲಬಹುದೆಂದು ವಾಟ್ಸ್ಆ್ಯಪ್‌ನಲ್ಲಿ ಒಂದು ವಿಡಿಯೋ ಬಂದಿತ್ತು. ಇದನ್ನು ಕಿತ್ತು ಹಾಕಿಬಿಡೋಣವೇ?"

ಮೊಬೈಲನ್ನು ಪರಿಶೀಲಿಸಿದಾಗ ಸಂಗತಿ ತಿಳಿಯಿತು. ಭಜನೆಯ ನಡುವೆ ಕರೆಗಳು ಬಂದು ತೊಂದರೆಯಾಗದಿರಲೆಂದು ಮೊಮ್ಮಗ ಅದನ್ನು ಸದ್ದಡಗಿಸುವ ಸ್ಥಿತಿಯಲ್ಲಿಟ್ಟಿದ್ದನು. ಆ ಸ್ಥಿತಿಯಲ್ಲಿಯೂ ಎಚ್ಚರಿಕೆಯ ಸದ್ದು ಮೊಳಗಲು ಕೊಡಬೇಕಾದ ಅನುಮತಿಯನ್ನು ಯಾರೂ ಕೊಟ್ಟಿರಲಿಲ್ಲ. ಹ್ಯಾಕ್ ಮಾಡಿದವರು ಯಾರೂ ಇರಲಿಲ್ಲ. ಆದರೂ ಆ ಕುಟುಂಬದ ಪ್ರಶ್ನೆ ಅರ್ಥವಿಲ್ಲದ್ದಲ್ಲ. ಐಸಿಎಂಆರ್ ನೇತೃತ್ವದ ಇಂಡಿಯಾಬ್ ಅಧ್ಯಯನವು 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ನಮ್ಮ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳ ಮನೆಗಳಲ್ಲಿ ಮೊಬೈಲಿಗೆ ಜೋಡಿಸಿದ ಸೆನ್ಸರ್ ಈಗ ಅಪರೂಪದ ವಸ್ತುವಾಗಿ ಉಳಿದಿಲ್ಲ. ಆದುದರಿಂದ ಅವುಗಳ ಭದ್ರತೆಯ ವಿಚಾರವನ್ನು ಅತಿ ಭಯವಿಲ್ಲದೆ, ಅಸಡ್ಡೆಯೂ ಇಲ್ಲದೆ ತಿಳಿಯುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಚಿಕಿತ್ಸೆಯ ನಾಲ್ಕು ಪಾದಗಳು

ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧದ್ರವ್ಯ, ಪರಿಚಾರಕ ಮತ್ತು ರೋಗಿ. ಮಂಚದ ನಾಲ್ಕು ಕಾಲುಗಳಲ್ಲಿ ಒಂದು ಸಡಿಲವಾದರೂ ಮಂಚ ಅಲುಗಾಡುವಂತೆ, ಈ ನಾಲ್ವರಲ್ಲಿ ಒಬ್ಬರು ಕುಂದಿದರೂ ಚಿಕಿತ್ಸೆ ಕುಂದುತ್ತದೆ. ಅಲ್ಲಿ ಒಬ್ಬೊಬ್ಬರಿಗೂ ನಾಲ್ಕು ನಾಲ್ಕು ಗುಣಗಳನ್ನು ವಿಧಿಸಲಾಗಿದೆ. ಪರಿಚಾರಕನಿಗೆ ಹೇಳಿದ ಗುಣಗಳು ಉಪಚಾರಜ್ಞತೆ, ದಾಕ್ಷ್ಯ, ಅನುರಾಗ ಮತ್ತು ಶೌಚ. ಅಂದರೆ ಅವನಿಗೆ ಮಾಡುವ ಕೆಲಸ ತಿಳಿದಿರಬೇಕು, ಅದನ್ನು ಚುರುಕಾಗಿ ಮಾಡಬೇಕು, ರೋಗಿಯಲ್ಲಿ ನಿಷ್ಠೆಯಿರಬೇಕು, ಒಳಗೂ ಹೊರಗೂ ಶುದ್ಧನಾಗಿರಬೇಕು.

ರಾತ್ರಿಯಿಡೀ ಎಚ್ಚರವಿದ್ದು ರೋಗಿಯ ಸ್ಥಿತಿಯನ್ನು ಗಮನಿಸುವ, ಬೇಕಾದಾಗ ಕರೆಯುವ, ಕೆಲವೊಮ್ಮೆ ತಾನೇ ಔಷಧ ಕೊಡುವ ಕೆಲಸವನ್ನು ಹಿಂದೆ ಮನೆಯವರು ಮಾಡುತ್ತಿದ್ದರು. ಇಂದು ಅದರಲ್ಲೊಂದು ಪಾಲನ್ನು ಈ ಯಂತ್ರಗಳು ವಹಿಸಿಕೊಂಡಿವೆ. ಆದ್ದರಿಂದ ಅವುಗಳನ್ನು ಮೂರನೆಯ ಪಾದವಾದ ಪರಿಚಾರಕನ ಸ್ಥಾನದಲ್ಲಿಟ್ಟು ಪರೀಕ್ಷಿಸುವುದು ಸೂಕ್ತ. ಮನೆಗೆ ಹೊಸ ಪರಿಚಾರಕನು ಬಂದರೆ ಅವನನ್ನು ದೇವರೆಂದೂ ಕಾಣೆವು, ಕಳ್ಳನೆಂದೂ ಕಾಣೆವು. ಗುಣ ನೋಡಿ ಕೆಲಸ ಕೊಡುವೆವು. ಯಂತ್ರಕ್ಕೂ ಅದೇ ನ್ಯಾಯ.

ಈ ಯಂತ್ರಗಳು ಮಾಡುವುದೇನು?

ಮೊದಲಿಗೆ ಯಂತ್ರಗಳ ಪರಿಚಯ. ಬೆರಳು ಚುಚ್ಚಿ ನೋಡುವ ಗ್ಲೂಕೋಮೀಟರ್ ಎಲ್ಲರಿಗೂ ಗೊತ್ತು. ಈಗ ಅವುಗಳಲ್ಲಿ ಕೆಲವು ಬ್ಲೂಟೂತ್ ಮೂಲಕ ಅಂಕಿಗಳನ್ನು ಮೊಬೈಲಿಗೆ ಕಳುಹಿಸುತ್ತವೆ. ಎರಡನೆಯದು ತೋಳಿಗೆ ಅಂಟಿಸುವ ಸೆನ್ಸರ್. ಅದರ ಕೂದಲಿನಂತಹ ತಂತು ಚರ್ಮದ ಕೆಳಗಿನ ದ್ರವದಲ್ಲಿರುವ ಗ್ಲೂಕೋಸನ್ನು ಅಳೆಯುತ್ತದೆಯೇ ಹೊರತು ನೇರವಾಗಿ ರಕ್ತವನ್ನಲ್ಲ. ಆದ್ದರಿಂದ ಸಕ್ಕರೆ ವೇಗವಾಗಿ ಏರುವಾಗ ಅಥವಾ ಇಳಿಯುವಾಗ ಅದರ ಅಂಕಿ ಕೆಲವು ನಿಮಿಷ ಹಿಂದುಳಿದಿರುತ್ತದೆ. ಮೂರನೆಯದು ಇನ್ಸುಲಿನ್ ಪಂಪ್. ಸೊಂಟದಲ್ಲಿ ಸಿಕ್ಕಿಸಿಕೊಳ್ಳುವ ಈ ಪುಟ್ಟ ಪೆಟ್ಟಿಗೆ ಹನಿಹನಿಯಾಗಿ ಇನ್ಸುಲಿನನ್ನು ದೇಹಕ್ಕೆ ಸೇರಿಸುತ್ತದೆ. ಟೈಪ್ 1 ಮಧುಮೇಹವಿರುವ ಮಕ್ಕಳಿಗೂ ತರುಣರಿಗೂ ಇದರಿಂದ ಬಹಳ ಉಪಕಾರವಾಗಿದೆ. ಹೊಸ ಮಾದರಿಗಳಲ್ಲಿ ಸೆನ್ಸರಿನ ಅಂಕಿಯನ್ನು ನೋಡಿ ಪಂಪ್ ತಾನೇ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುತ್ತದೆ.

ಸೆನ್ಸರಿನ ಅಂಕಿ ಬ್ಲೂಟೂತ್ ಮೂಲಕ ಮೊಬೈಲಿಗೆ, ಅಲ್ಲಿಂದ ಇಂಟರ್ನೆಟ್ ಮೂಲಕ ಕಂಪನಿಯ ಸರ್ವರಿಗೆ, ಅಲ್ಲಿಂದ ದೂರದ ಮಗನ ಅಥವಾ ವೈದ್ಯರ ಮೊಬೈಲಿಗೆ ಹೋಗುತ್ತದೆ. ಇದು ಸರಪಳಿ. ಅದರ ಯಾವ ಕೊಂಡಿ ಕಳಚಿದರೂ ಸುದ್ದಿ ತಲುಪುವುದಿಲ್ಲ. ಯಾವ ಕೊಂಡಿಯ ಬಳಿ ಪರರು ಕಿವಿಗೊಟ್ಟರೂ ನಮ್ಮ ಗುಟ್ಟು ಉಳಿಯುವುದಿಲ್ಲ.

ಶೌಚ: ಬಾಗಿಲು ಭದ್ರವಾಗಿದೆಯೇ?

ಕುಟುಂಬದವರು ಕೇಳಿದ್ದು ಹ್ಯಾಕ್ ಮಾಡುವುದರ ಬಗ್ಗೆ. ಆದುದರಿಂದ ಕೊನೆಯ ಗುಣವಾದ ಶೌಚದಿಂದಲೇ ಆರಂಭಿಸೋಣ. ಪರಪುರುಷನ ಮಾತು ಕೇಳಿ ರೋಗಿಗೆ ವಿಷವುಣಿಸುವ ಪರಿಚಾರಕನು ಶುದ್ಧನಲ್ಲ. ಯಂತ್ರವು ಯಜಮಾನನ ಆಜ್ಞೆಯನ್ನು ಮಾತ್ರ ಕೇಳುತ್ತದೆಯೇ, ದಾರಿಹೋಕನ ಆಜ್ಞೆಯನ್ನೂ ಕೇಳುತ್ತದೆಯೇ?

2011ರಲ್ಲಿ ಅಮೆರಿಕದ ಲಾಸ್ ವೇಗಸ್ ನಗರದ ಸಮ್ಮೇಳನವೊಂದರಲ್ಲಿ ಜೇ ರ‍್ಯಾಡ್‌ಕ್ಲಿಫ್ ಎಂಬ ಕಂಪ್ಯೂಟರ್ ಭದ್ರತಾ ತಜ್ಞರು ಈ ಪ್ರಶ್ನೆಯನ್ನು ಲೋಕದ ಮುಂದಿಟ್ಟರು. ಅವರು ಸ್ವತಃ ಟೈಪ್ 1 ಮಧುಮೇಹಿ. ತಾವು ಧರಿಸುತ್ತಿದ್ದ ಪಂಪಿಗೆ ಹೊರಗಿನಿಂದ ನಿಸ್ತಂತುವಾಗಿ ಆಜ್ಞೆ ಕಳುಹಿಸಬಹುದೆಂದು ಅವರು ತೋರಿಸಿದರು. 2016ರಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಸಂಸ್ಥೆಯ ಅನಿಮಾಸ್ ಒನ್‌ಟಚ್ ಪಿಂಗ್ ಎಂಬ ಪಂಪಿನಲ್ಲಿಯೂ ಇದೇ ತಜ್ಞರು ದೋಷ ಕಂಡುಹಿಡಿದರು. ಆ ಪಂಪಿಗೂ ಅದರ ರಿಮೋಟಿಗೂ ನಡುವಿನ ಸಂಭಾಷಣೆ ಗೂಢಲಿಪಿಯಿಲ್ಲದೆ ಬಯಲಿನಲ್ಲಿ ನಡೆಯುತ್ತಿತ್ತು. ಸಂಸ್ಥೆಯು ಅಮೆರಿಕ ಮತ್ತು ಕೆನಡಾದ ಸುಮಾರು 1,14,000 ಬಳಕೆದಾರರಿಗೆ ಪತ್ರ ಬರೆದು, ಅಪಾಯ ತೀರ ಕಡಿಮೆಯೆಂದೂ, ಚಿಂತೆಯಿದ್ದವರು ರಿಮೋಟ್ ಸಂಪರ್ಕವನ್ನು ನಿಲ್ಲಿಸಬಹುದೆಂದೂ ತಿಳಿಸಿತು.

2019ರ ಜೂನ್ 27ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಮೆಡ್‌ಟ್ರಾನಿಕ್ ಸಂಸ್ಥೆಯ ಮಿನಿಮೆಡ್ 508 ಹಾಗೂ ಪ್ಯಾರಡೈಮ್ ಶ್ರೇಣಿಯ ಹಳೆಯ ಪಂಪುಗಳ ಬಗ್ಗೆ ಎಚ್ಚರಿಕೆ ನೀಡಿತು. ಸಮೀಪದಲ್ಲಿರುವ ಅಪರಿಚಿತನು ಸೂಕ್ತ ಉಪಕರಣದ ನೆರವಿನಿಂದ ಪಂಪಿನ ವ್ಯವಸ್ಥೆಯನ್ನು ಬದಲಿಸಿ, ಇನ್ಸುಲಿನನ್ನು ಅತಿಯಾಗಿ ಹರಿಸಲು ಅಥವಾ ನಿಲ್ಲಿಸಲು ಸಾಧ್ಯವಿತ್ತು. ಆ ಪಂಪುಗಳ ತಂತ್ರಾಂಶವನ್ನು ಸರಿಪಡಿಸುವ ಉಪಾಯವೇ ಇಲ್ಲದ್ದರಿಂದ, ಹೊಸ ಮಾದರಿಗೆ ಬದಲಾಯಿಸಿಕೊಳ್ಳಿರೆಂದು ಸಲಹೆ ನೀಡಲಾಯಿತು. ಅಮೆರಿಕದಲ್ಲಿ ಅವುಗಳನ್ನು ಬಳಸುತ್ತಿದ್ದವರು ಸುಮಾರು 4,000 ಮಂದಿ. ಈ ದೋಷದಿಂದ ಯಾವ ರೋಗಿಗೂ ಹಾನಿಯಾದ ದೃಢಪಟ್ಟ ವರದಿ ತನಗೆ ಬಂದಿಲ್ಲವೆಂದೂ ಎಫ್‌ಡಿಎ ಅಂದು ಸ್ಪಷ್ಟಪಡಿಸಿತು.

ಈ ಕೊನೆಯ ವಾಕ್ಯವನ್ನು ಭಕ್ತರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಬಾಗಿಲಿನಲ್ಲಿ ಬಿರುಕು ಇತ್ತು, ನಿಜ. ಕಳ್ಳನು ನುಗ್ಗಿದನೆಂಬ ಪುರಾವೆ ಸಿಗಲಿಲ್ಲ. ಅಂತಹ ಕೃತ್ಯಕ್ಕೆ ರೋಗಿಯ ಸಮೀಪಕ್ಕೆ ಬರಬೇಕು, ವಿಶೇಷ ಉಪಕರಣ ಬೇಕು, ಪರಿಣತಿ ಬೇಕು. ಹಾಗೆಂದು ಬಿರುಕನ್ನು ಮುಚ್ಚದೆ ಬಿಡುವುದೂ ವಿವೇಕವಲ್ಲ. 2023ರ ಮಾರ್ಚ್ 29ರಿಂದ ಅಮೆರಿಕದಲ್ಲಿ, ಸಂಪರ್ಕವುಳ್ಳ ಹೊಸ ವೈದ್ಯಕೀಯ ಸಾಧನಕ್ಕೆ ಅನುಮತಿ ಕೇಳುವ ತಯಾರಕನು ಅದರ ಸೈಬರ್ ಭದ್ರತೆಯ ಯೋಜನೆಯನ್ನೂ ಸಲ್ಲಿಸುವುದು ಕಾನೂನಿನ ಅಗತ್ಯವಾಗಿದೆ.

ನಮ್ಮವರಿಗೆ ಇದರಿಂದ ಒಂದು ನೇರವಾದ ಪಾಠವಿದೆ. ಪಂಪ್ ದುಬಾರಿಯಾದ ವಸ್ತು. ವಿದೇಶದಲ್ಲಿರುವ ಬಂಧುಗಳು ತಾವು ಬಳಸಿ ಬಿಟ್ಟ ಹಳೆಯ ಪಂಪನ್ನು ಪ್ರೀತಿಯಿಂದ ತಂದುಕೊಡುವುದುಂಟು. ಹಾಗೆ ಬಂದುದನ್ನು ಧರಿಸುವ ಮೊದಲು ಮಾದರಿಯ ಹೆಸರನ್ನು ನಿಮ್ಮ ಮಧುಮೇಹ ತಜ್ಞರಿಗೆ ತೋರಿಸಿ, ಅದು ಎಚ್ಚರಿಕೆಯ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಿರಿ. 2019ರ ಎಚ್ಚರಿಕೆಯಲ್ಲಿ ಪಂಪಿನ ಸೀರಿಯಲ್ ಸಂಖ್ಯೆಯನ್ನು ಇತರರಿಗೆ ತಿಳಿಸಬಾರದೆಂಬ ಸೂಚನೆಯೂ ಇತ್ತು. ಹೊಸ ಯಂತ್ರ ಬಂದ ಸಂತೋಷದಲ್ಲಿ ಡಬ್ಬಿಯ ಚಿತ್ರ ತೆಗೆದು ಬಂಧುಗಳ ವಾಟ್ಸ್ಆ್ಯಪ್ ಗುಂಪಿಗೆ ಹಾಕುವವರು ಇದನ್ನು ನೆನಪಿಡಬೇಕು.

ದಾಕ್ಷ್ಯ: ಕರೆಯಬೇಕಾದಾಗ ಕರೆಯುವುದೇ?

ಪರಿಚಾರಕನು ಶುದ್ಧನಾಗಿದ್ದರೂ ನಿದ್ದೆ ಹೋದರೆ ಪ್ರಯೋಜನವೇನು? ನಮ್ಮ ಅನುಭವದಲ್ಲಿ ಹ್ಯಾಕ್ ಮಾಡುವುದಕ್ಕಿಂತ ಹೆಚ್ಚು ಸಮೀಪದ ಅಪಾಯ ಇದೇ. ಶಿವರಾತ್ರಿಯಂದು ನಡೆದದ್ದೂ ಇದೇ.

2025ರ ಫೆಬ್ರವರಿಯಲ್ಲಿ ಎಫ್‌ಡಿಎ ಮಧುಮೇಹಿಗಳಿಗೆ ಒಂದು ಎಚ್ಚರಿಕೆ ಹೊರಡಿಸಿತು. ಮೊಬೈಲಿನ ವ್ಯವಸ್ಥೆಗಳಿಂದಾಗಿ ಸೆನ್ಸರ್ ಮತ್ತು ಪಂಪುಗಳ ಎಚ್ಚರಿಕೆಯ ಸದ್ದು ಕೇಳಿಸದೆ ಹೋದ ವರದಿಗಳು ಬಂದಿವೆ ಎಂಬುದು ಅದರ ಸಾರ. ಮೊಬೈಲಿನ ತಂತ್ರಾಂಶ ಅಪ್‌ಡೇಟ್ ಆದಾಗ, ಹೊಸದಾಗಿ ಬ್ಲೂಟೂತ್ ಇಯರ್‌ಫೋನನ್ನೋ ಕಾರಿನ ಸ್ಪೀಕರನ್ನೋ ಜೋಡಿಸಿದಾಗ, ಸದ್ದಡಗಿಸುವ ಸ್ಥಿತಿಯಲ್ಲಿಟ್ಟಾಗ, ಬಹಳ ಹೊತ್ತು ತೆರೆಯದ ಆ್ಯಪನ್ನು ಮೊಬೈಲೇ ಮಲಗಿಸಿದಾಗ ಹೀಗಾಗುತ್ತದೆ. ತಿಂಗಳಿಗೊಮ್ಮೆಯಾದರೂ ಎಚ್ಚರಿಕೆಯ ವ್ಯವಸ್ಥೆಯನ್ನು ಪರೀಕ್ಷಿಸಬೇಕೆಂದು ಅದು ಸಲಹೆ ನೀಡಿತು.

ಸರಪಳಿಯ ಇನ್ನೊಂದು ತುದಿಯಲ್ಲಿರುವ ಸರ್ವರ್ ಕೈಕೊಟ್ಟ ಪ್ರಸಂಗವೂ ಉಂಟು. 2019ರ ನವೆಂಬರ್ ಕೊನೆಯಲ್ಲಿ ಡೆಕ್ಸ್‌ಕಾಮ್ ಸಂಸ್ಥೆಯ ಸರ್ವರಿನಲ್ಲಿ ತೊಡಕುಂಟಾಗಿ, ದೂರದಿಂದ ಮಕ್ಕಳ ಸಕ್ಕರೆಯನ್ನು ನೋಡುತ್ತಿದ್ದ ತಂದೆತಾಯಿಯರ ಮೊಬೈಲಿಗೆ ಅಂಕಿಗಳೂ ಎಚ್ಚರಿಕೆಗಳೂ ಬರಲಿಲ್ಲ. ಮಕ್ಕಳ ಬಳಿಯ ಯಂತ್ರ ಕೆಲಸ ಮಾಡುತ್ತಿತ್ತು. ಸುದ್ದಿ ಮಾತ್ರ ದೂರಕ್ಕೆ ಹೋಗುತ್ತಿರಲಿಲ್ಲ. ಮೊಬೈಲ್ ಸುಮ್ಮನಿದ್ದುದನ್ನು ಕಂಡು ಎಲ್ಲವೂ ಕ್ಷೇಮವೆಂದು ಭಾವಿಸಿದವರು ಅನೇಕರು.

ಸದ್ಭಕ್ತರೇ, ಯಂತ್ರದ ಮೌನವನ್ನು ಕ್ಷೇಮವೆಂದು ತಿಳಿಯಬಾರದು. ಬನಶಂಕರಿಯ ಆ ಮನೆಯಲ್ಲಿ ಪ್ರಾಣ ಉಳಿಸಿದ್ದು ತೋಳಿನ ಸೆನ್ಸರ್ ಅಲ್ಲ, ಸಾಗರದಾಚೆಯ ಮಗನ ಮೊಬೈಲೂ ಅಲ್ಲ; ಪಕ್ಕದಲ್ಲಿ ಮಲಗಿದ್ದ ತಾಯಿಯವರ ಎಚ್ಚರ ಮತ್ತು ಡ್ರಾಯರಿನಲ್ಲಿದ್ದ ಹಳೆಯ ಗ್ಲೂಕೋಮೀಟರ್.

ಅನುರಾಗ: ಯಜಮಾನನಿಗೆ ನಿಷ್ಠೆಯಿದೆಯೇ?

ರೋಗಿಯ ಗುಟ್ಟನ್ನು ಬೀದಿಯಲ್ಲಿ ಹೇಳುವ ಪರಿಚಾರಕನಿಗೆ ಅವನಲ್ಲಿ ಅನುರಾಗವಿದೆಯೆಂದು ಹೇಳಲಾಗದು. ಜೆ.ಪಿ. ನಗರದ ಒಬ್ಬ ತಾಯಿಯವರಿಗೆ ಒಂದು ಮಧ್ಯಾಹ್ನ ಕರೆ ಬಂದಿತು. ಕರೆ ಮಾಡಿದವನು ಅಚ್ಚಗನ್ನಡದಲ್ಲಿ "ಅಮ್ಮಾ" ಎಂದೇ ಮಾತು ತೆಗೆದನು. ಅವರು ಬಳಸುವ ಸೆನ್ಸರ್ ಯಾವುದೆಂಬುದೂ, ಹಿಂದಿನದನ್ನು ಯಾವಾಗ ಕೊಂಡರೆಂಬುದೂ ಅವನಿಗೆ ಗೊತ್ತಿತ್ತು. "ನಿಮ್ಮ ಸೆನ್ಸರಿನ ಬ್ಯಾಚಿನಲ್ಲಿ ದೋಷವಿದೆ, ಉಚಿತವಾಗಿ ಬದಲಿಸಿಕೊಡುತ್ತೇವೆ, ನಾನು ಕಳುಹಿಸುವ ಆ್ಯಪ್ ಹಾಕಿಕೊಳ್ಳಿ" ಎಂದನು. ಇಷ್ಟೆಲ್ಲ ಗೊತ್ತಿರುವವನು ಕಂಪನಿಯವನೇ ಇರಬೇಕೆಂದು ಅವರು ನಂಬಿದರು. ವಾಟ್ಸ್ಆ್ಯಪ್‌ನಲ್ಲಿ ಬಂದ ಕಡತವನ್ನು ಒತ್ತಿದರು, ಒಟಿಪಿ ಹೇಳಿದರು. ಒಂದು ತಿಂಗಳ ಪಿಂಚಣಿ ಹೋಯಿತು. ಮಾಹಿತಿ ಎಲ್ಲಿಂದ ಸೋರಿತೆಂಬುದು ಕೊನೆಗೂ ತಿಳಿಯಲಿಲ್ಲ. ಹಣಕ್ಕಿಂತ ಹೆಚ್ಚಾಗಿ, ಆ ತಾಯಿ ಹೆದರಿ ಮುಂದಿನ ಎರಡು ವಾರ ಸೆನ್ಸರ್ ಹಾಕಲಿಲ್ಲ, ಬೆರಳು ಚುಚ್ಚಿಯೂ ನೋಡಲಿಲ್ಲ. ಸಕ್ಕರೆ 300 ದಾಟಿದ ಮೇಲೆ ನಮ್ಮ ಬಳಿಗೆ ಬಂದರು.

ನಮ್ಮ ಸಕ್ಕರೆಯ ಅಂಕಿಯಿಂದ ಪರರಿಗೇನು ಲಾಭವೆಂದು ಕೇಳುವವರಿದ್ದಾರೆ. ಕಾಯಿಲೆಯ ವಿವರ ಗೊತ್ತಿರುವವನ ಮಾತಿನ ಮೇಲೆ ನಂಬಿಕೆ ಬೇಗ ಬರುತ್ತದೆ. ವಂಚಕನಿಗೆ ಬೇಕಾದುದು ಆ ನಂಬಿಕೆಯೇ. ಮಾಹಿತಿ ಬರೀ ಮೊಬೈಲಿನಲ್ಲಿರುವುದಿಲ್ಲ. ಆ್ಯಪಿನಲ್ಲಿ, ಔಷಧ ಮಾರುವ ಜಾಲತಾಣದಲ್ಲಿ, ಪ್ರಯೋಗಾಲಯದಲ್ಲಿ, ಆಸ್ಪತ್ರೆಯಲ್ಲಿ ಎಲ್ಲೆಡೆ ಇರುತ್ತದೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ಸೈಬರ್ ದಾಳಿ ನಡೆದು, ದೇಶದ ಅತಿ ಪ್ರತಿಷ್ಠಿತ ಆಸ್ಪತ್ರೆಯಲ್ಲಿ ಅನೇಕ ದಿನಗಳ ಕಾಲ ನೋಂದಣಿ, ವರದಿಗಳೆಲ್ಲ ಕೈಬರಹದಲ್ಲಿಯೇ ನಡೆಯಬೇಕಾಯಿತು. ನಾವು ಕೊಟ್ಟ ಮಾಹಿತಿ ಎಷ್ಟು ಕಡೆ ಹರಡಿರುತ್ತದೆಯೋ ಅದು ಸೋರುವ ದಾರಿಗಳೂ ಅಷ್ಟೇ.

ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಒಂದು ಮುಖ್ಯ ತತ್ತ್ವವನ್ನು ಒಪ್ಪಿದೆ: ನಿಮ್ಮ ಮಾಹಿತಿಯನ್ನು ಯಾವ ಉದ್ದೇಶಕ್ಕೆ ಬಳಸುವರೆಂದು ತಿಳಿಸಿ ನಿಮ್ಮ ಒಪ್ಪಿಗೆ ಪಡೆಯಬೇಕು, ಕೊಟ್ಟ ಒಪ್ಪಿಗೆಯನ್ನು ನೀವು ಹಿಂಪಡೆಯಬಹುದು, ಮಾಹಿತಿಯನ್ನು ಅಳಿಸುವಂತೆ ಕೇಳಬಹುದು. ಕಾಯಿದೆಯ ಭಾಗಗಳು ಹಂತ ಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ಆದರೆ ಕಾಯಿದೆ ಕಾಯುವುದಕ್ಕೆ ಮೊದಲು ನಾವೇ ಕಾದುಕೊಳ್ಳಬೇಕು. ಸಕ್ಕರೆ ಅಳೆಯುವ ಆ್ಯಪ್ ನಿಮ್ಮ ಫೋನಿನ ಸಂಪರ್ಕಗಳ ಪಟ್ಟಿಯನ್ನೂ ಚಿತ್ರಗಳನ್ನೂ ನೋಡಲು ಅನುಮತಿ ಕೇಳಿದರೆ, ಏಕೆಂದು ಪ್ರಶ್ನಿಸಿ, ಕಾರಣ ಕಾಣದಿದ್ದರೆ ನಿರಾಕರಿಸಿರಿ.

ಉಪಚಾರಜ್ಞತೆ: ಕೆಲಸ ಗೊತ್ತಿದೆಯೇ?

ಉಳಿದದ್ದು ಮೊದಲ ಗುಣ. ಕೆಲಸವನ್ನೇ ಅರಿಯದ ಪರಿಚಾರಕನನ್ನು ಯಾರೂ ನೇಮಿಸರು. ಆದರೆ ಸೂಜಿಯಿಲ್ಲದೆ ಸಕ್ಕರೆ ತೋರಿಸುತ್ತದೆಂಬ ಕೈಗಡಿಯಾರವನ್ನು ಆನ್‌ಲೈನಿನಲ್ಲಿ ಕಂಡು ಕೊಳ್ಳುವವರು ಬಹಳ ಮಂದಿ. 2024ರ ಫೆಬ್ರವರಿಯಲ್ಲಿ ಎಫ್‌ಡಿಎ, ಚರ್ಮವನ್ನು ಚುಚ್ಚದೆ ತಾನೇ ರಕ್ತದ ಸಕ್ಕರೆಯನ್ನು ಅಳೆಯುವ ಯಾವುದೇ ಗಡಿಯಾರಕ್ಕೂ ಉಂಗುರಕ್ಕೂ ತಾನು ಅನುಮತಿ ನೀಡಿಲ್ಲವೆಂದು ಎಚ್ಚರಿಸಿತು. ಸೆನ್ಸರಿನಿಂದ ಬಂದ ಅಂಕಿಯನ್ನು ಗಡಿಯಾರದಲ್ಲಿ ತೋರಿಸುವುದು ಬೇರೆ. ಗಡಿಯಾರವೇ ಅಳೆಯುವೆನೆಂದು ಹೇಳುವುದು ಬೇರೆ. ಅಂತಹ ಅಂಕಿಯನ್ನು ನಂಬಿ ಇನ್ಸುಲಿನ್ ಹೆಚ್ಚಿಸಿಕೊಂಡರೆ ಹ್ಯಾಕ್ ಮಾಡುವ ಶತ್ರು ಬೇರೆ ಬೇಕಾಗಿಲ್ಲ.

ರೋಗಿಯ ನಾಲ್ಕು ಗುಣಗಳು, ಮನೆಯಲ್ಲಿ ಮಾಡಬೇಕಾದುದು

ಚರಕರು ರೋಗಿಗೂ ನಾಲ್ಕು ಗುಣಗಳನ್ನು ಹೇಳಿದ್ದಾರೆ: ಸ್ಮೃತಿ, ನಿರ್ದೇಶಕಾರಿತ್ವ, ಅಭೀರುತ್ವ, ಜ್ಞಾಪಕತ್ವ. ನೆನಪಿಡುವುದು, ಹೇಳಿದ್ದನ್ನು ಪಾಲಿಸುವುದು, ಹೆದರದಿರುವುದು, ಆದುದನ್ನು ಮುಚ್ಚಿಡದೆ ತಿಳಿಸುವುದು. ಈ ನಾಲ್ಕನ್ನು ಅನುಸರಿಸಿ ಮನೆಯಲ್ಲಿ ಕೈಗೊಳ್ಳಬೇಕಾದ ಕ್ರಮಗಳನ್ನು ಹೇಳುವೆವು.

ಸ್ಮೃತಿ:

1. ತಿಂಗಳಿಗೊಂದು ದಿನ ಗೊತ್ತುಮಾಡಿಕೊಳ್ಳಿರಿ. ಹುಣ್ಣಿಮೆಯೋ ಅಮಾವಾಸ್ಯೆಯೋ ಆದರೆ ಮರೆಯುವುದಿಲ್ಲ. ಅಂದು ಎಚ್ಚರಿಕೆಯ ಸದ್ದು ಮೊಳಗುವಂತೆ ಮೊಬೈಲಿನ ವ್ಯವಸ್ಥೆಯಿದೆಯೇ, ಬ್ಲೂಟೂತ್ ಚಾಲ್ತಿಯಲ್ಲಿದೆಯೇ, ಸದ್ದಡಗಿಸಿದ ಸ್ಥಿತಿಯಲ್ಲಿಯೂ ಈ ಆ್ಯಪಿಗೆ ಅನುಮತಿಯಿದೆಯೇ ಎಂದು ನೋಡಿರಿ. ಮೊಬೈಲ್ ಅಪ್‌ಡೇಟ್ ಆದ ದಿನವೂ ಇದನ್ನೇ ಮಾಡಿರಿ.

2. ಗ್ಲೂಕೋಮೀಟರ್, ಅವಧಿ ಮೀರದ ಸ್ಟ್ರಿಪ್, ಲ್ಯಾನ್ಸೆಟ್ ಮತ್ತು ಗ್ಲೂಕೋಸ್ ಪುಡಿ ಹಾಸಿಗೆಯ ಪಕ್ಕದಲ್ಲಿರಲಿ. ಪಂಪ್ ಬಳಸುವವರ ಬಳಿ ಇನ್ಸುಲಿನ್ ಪೆನ್ ಅಥವಾ ಸಿರಿಂಜ್ ಸದಾ ಇರಲಿ.

ನಿರ್ದೇಶಕಾರಿತ್ವ:

3. ಸೆನ್ಸರಿನ ಅಂಕಿಗೂ ನಿಮ್ಮ ಮೈಯ ಲಕ್ಷಣಕ್ಕೂ ಹೊಂದಾಣಿಕೆಯಿಲ್ಲದಿದ್ದರೆ ಬೆರಳಿನ ರಕ್ತ ಪರೀಕ್ಷಿಸಿದ ಬಳಿಕವೇ ಇನ್ಸುಲಿನ್ ನಿರ್ಧರಿಸಿರಿ. ಬೆವರು, ನಡುಕ, ಎದೆಬಡಿತ, ತೊದಲು ಕಂಡಾಗ ಪರೀಕ್ಷೆಗೆ ತಡವಾಗುವಂತಿದ್ದರೆ ಮೊದಲು ಸಕ್ಕರೆ ಕೊಡಿರಿ.

4. ಆ್ಯಪನ್ನು ಮೊಬೈಲಿನ ಅಧಿಕೃತ ಆ್ಯಪ್ ಅಂಗಡಿಯಿಂದ ಮಾತ್ರ ಪಡೆಯಿರಿ. ಯಾರೋ ಕಳುಹಿಸಿದ ಲಿಂಕಿನಿಂದ, ವಾಟ್ಸ್ಆ್ಯಪ್ ಕಡತದಿಂದ ಬೇಡ. ಕಂಪನಿ ಕೊಡುವ ಅಪ್‌ಡೇಟನ್ನು ಮುಂದೂಡಬೇಡಿರಿ. ಬಾಗಿಲಿನ ಬಿರುಕು ಮುಚ್ಚುವುದು ಬಹುಮಟ್ಟಿಗೆ ಅದರಿಂದಲೇ. ಆದರೆ ರಾತ್ರಿ ಮಲಗುವ ಮುನ್ನ ಅಪ್‌ಡೇಟ್ ಹಾಕಬೇಡಿರಿ. ಹಗಲಿನಲ್ಲಿ ಹಾಕಿ, ಎಲ್ಲ ಸರಿಯಿದೆಯೇ ಎಂದು ನೋಡಿರಿ.

5. ಮೊಬೈಲಿಗೆ ಬೀಗವಿರಲಿ. ಆ್ಯಪಿನ ಪಾಸ್‌ವರ್ಡ್ ಬೇರೆ ಯಾವುದಕ್ಕೂ ಬಳಸದಂತಹುದಾಗಿರಲಿ. ನಿಮ್ಮ ಅಂಕಿಗಳನ್ನು ಯಾರು ಯಾರು ನೋಡುತ್ತಿದ್ದಾರೆಂಬ ಪಟ್ಟಿಯನ್ನು ಆಗಾಗ ಪರಿಶೀಲಿಸಿ, ಬೇಡದವರನ್ನು ತೆಗೆಯಿರಿ. ಹಳೆಯ ಮೊಬೈಲನ್ನು ಮಾರುವಾಗ ಎಲ್ಲವನ್ನೂ ಅಳಿಸಿ ಕೊಡಿರಿ.

6. ಉಪವಾಸವಿರಬೇಕೆಂದಿರುವ ಮಧುಮೇಹಿಗಳು, ವಿಶೇಷವಾಗಿ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ಸೇವಿಸುವವರು, ಮೊದಲೇ ವೈದ್ಯರನ್ನು ಕಂಡು ಪ್ರಮಾಣವನ್ನು ಹೊಂದಿಸಿಕೊಳ್ಳಬೇಕು. ಸೆನ್ಸರ್ ಇದೆಯೆಂಬ ಧೈರ್ಯದಲ್ಲಿ ಉಪವಾಸ ಕೂಡದು.

ಜ್ಞಾಪಕತ್ವ:

7. ನಿಮಗೆ ಮಧುಮೇಹವಿದೆಯೆಂದೂ, ಇಂತಹ ಯಂತ್ರವಿದೆಯೆಂದೂ ಮನೆಯವರಿಗೆಲ್ಲ, ನೆರೆಯ ಒಬ್ಬರಿಗಾದರೂ ತಿಳಿದಿರಲಿ. ಎಚ್ಚರಿಕೆಯ ಸದ್ದು ಹೇಗಿರುತ್ತದೆಂದು ಅವರಿಗೆ ಒಮ್ಮೆ ಕೇಳಿಸಿರಿ.

8. ಸಕ್ಕರೆ 70ಕ್ಕಿಂತ ಕಡಿಮೆಯಾದಾಗ, ಪ್ರಜ್ಞೆಯಿದ್ದರೆ ಮೂರು ಚಿಕ್ಕ ಚಮಚ ಸಕ್ಕರೆ ಅಥವಾ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ವೋಗ್ಲಿಬೋಸ್, ಅಕಾರ್ಬೋಸ್ ಮಾತ್ರೆ ಸೇವಿಸುವವರಿಗೆ ಅಡುಗೆಯ ಸಕ್ಕರೆ ಬೇಗ ಹತ್ತುವುದಿಲ್ಲ, ಗ್ಲೂಕೋಸೇ ಬೇಕು. ಪ್ರಜ್ಞೆಯಿಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿರಿ.

9. ಯಂತ್ರ ತಪ್ಪು ತೋರಿಸಿದರೆ, ಕೈಕೊಟ್ಟರೆ, ವೈದ್ಯರಿಗೂ ಕಂಪನಿಗೂ ತಿಳಿಸಿರಿ. ವೈದ್ಯಕೀಯ ಸಾಧನಗಳ ದೋಷಗಳನ್ನು ದಾಖಲಿಸಲು 2015ರಿಂದ ನಮ್ಮ ದೇಶದಲ್ಲಿಯೇ ಮೆಟೀರಿಯೋವಿಜಿಲೆನ್ಸ್ ಎಂಬ ರಾಷ್ಟ್ರೀಯ ಕಾರ್ಯಕ್ರಮವಿದೆ. ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಆಯೋಗವು ಅದನ್ನು ನಡೆಸುತ್ತದೆ. ರೋಗಿಗಳೂ ಅಲ್ಲಿಗೆ ದೂರು ನೀಡಬಹುದು.

10. ಹಣ ಹೋದರೆ ನಾಚಿಕೊಂಡು ಸುಮ್ಮನಿರಬೇಡಿರಿ. ಆ ಗಳಿಗೆಯಲ್ಲಿಯೇ 1930 ಸಂಖ್ಯೆಗೆ ಕರೆ ಮಾಡಿರಿ, ಬ್ಯಾಂಕಿಗೆ ತಿಳಿಸಿರಿ. ಸೈಬರ್ ಅಪರಾಧಗಳ ದೂರು ಪಡೆಯುವ ಪೊಲೀಸ್ ಠಾಣೆಗಳು ನಮ್ಮ ನಗರದಲ್ಲಿವೆ. ತಡವಾದಷ್ಟೂ ಹಣ ಮರಳುವ ಆಸೆ ಕ್ಷೀಣಿಸುತ್ತದೆ.

ಅಭೀರುತ್ವ: ಹೆದರಿ ಚಿಕಿತ್ಸೆ ಬಿಡಬೇಡಿರಿ

ಉಳಿದ ಗುಣವೊಂದೇ, ಅಭೀರುತ್ವ. ಇದನ್ನು ಕೊನೆಗೆ ಇರಿಸಿಕೊಂಡುದಕ್ಕೆ ಕಾರಣವಿದೆ. ಹ್ಯಾಕ್‌ನ ಕಥೆ ಕೇಳಿದ ಹಲವರು ಯಂತ್ರವನ್ನು ಕಿತ್ತೆಸೆಯಲು ಹೊರಡುತ್ತಾರೆ. ಅವರಲ್ಲಿ ಕೆಲವರು ನಾವು ಆಯುರ್ವೇದದವರೆಂದು ತಿಳಿದು, ಇನ್ಸುಲಿನನ್ನೂ ಬಿಟ್ಟು ಕಷಾಯ ಮಾತ್ರ ಕೊಡಿರೆಂದು ಕೇಳುತ್ತಾರೆ. ನಾವು ಒಪ್ಪುವುದಿಲ್ಲ. ಇಪ್ಪತ್ತು ಬಗೆಯ ಪ್ರಮೇಹಗಳನ್ನು ಎಣಿಸಿದ ನಮ್ಮ ಆಚಾರ್ಯರು ಮಧುಮೇಹವನ್ನು ವಾತಜ ಪ್ರಮೇಹಗಳಲ್ಲಿ ಸೇರಿಸಿ, ಅದು ಎಷ್ಟು ಕಠಿಣವೆಂಬುದನ್ನೂ ಮರೆಮಾಚದೆ ಹೇಳಿದ್ದಾರೆ. ಆಹಾರ, ವ್ಯಾಯಾಮ, ನಿದ್ರೆಯ ನಿಯಮಗಳಲ್ಲಿ ಆಯುರ್ವೇದದ ನೆರವು ದೊಡ್ಡದು. ಆದರೆ ಟೈಪ್ 1 ಮಧುಮೇಹಿಗೆ ಇನ್ಸುಲಿನೇ ಜೀವಾಧಾರ. ಅದನ್ನು ಒಂದು ದಿನ ಬಿಡುವುದೂ ಅಪಾಯ. ಟೈಪ್ 2 ಇರುವವರೂ ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಲೆಕ್ಕ ಹಾಕಿ ನೋಡಿರಿ. ಅಪರಿಚಿತನೊಬ್ಬನು ನಮ್ಮ ಪಂಪನ್ನು ಹಿಡಿತಕ್ಕೆ ತೆಗೆದುಕೊಳ್ಳುವ ಸಂಭವ ಬಹಳ ವಿರಳ. ಸಕ್ಕರೆಯನ್ನು ಗಮನಿಸದೆ ಬಿಟ್ಟರೆ ಕಣ್ಣು, ಮೂತ್ರಪಿಂಡ, ನರ, ಪಾದಗಳಿಗೆ ಹಾನಿಯಾಗುವುದು ನಾವು ದಿನನಿತ್ಯ ಕಾಣುವ ಸಂಗತಿ. ವಿರಳವಾದುದಕ್ಕೆ ಹೆದರಿ ನಿತ್ಯದ ಅಪಾಯವನ್ನು ಮನೆಗೆ ಕರೆಯಬಾರದು.

ಬನಶಂಕರಿಯ ಹಿರಿಯರ ತೋಳಿನ ಮೇಲೆ ಆ ಬಿಳಿಯ ಬಿಲ್ಲೆ ಈಗಲೂ ಇದೆ. ಮೊಬೈಲಿನ ವ್ಯವಸ್ಥೆಯನ್ನು ಮೊಮ್ಮಗನೇ ಸರಿಪಡಿಸಿದನು. ಪ್ರತಿ ಹುಣ್ಣಿಮೆಯಂದು ಅದನ್ನು ಪರೀಕ್ಷಿಸುವ ಹೊಣೆಯನ್ನೂ ವಹಿಸಿಕೊಂಡಿದ್ದಾನೆ. ಗ್ಲೂಕೋಮೀಟರ್ ಡ್ರಾಯರಿನಿಂದ ಹಾಸಿಗೆಯ ಪಕ್ಕಕ್ಕೆ ಬಂದಿದೆ. ಮುಂದಿನ ಶಿವರಾತ್ರಿಗೆ ಉಪವಾಸದ ಬದಲು ಮಿತಾಹಾರವೆಂದು ಹಿರಿಯರು ನಮಗೆ ಮಾತು ಕೊಟ್ಟಿದ್ದಾರೆ. ಪರಿಚಾರಕನನ್ನು ಇಟ್ಟುಕೊಳ್ಳಿರಿ, ಆದರೆ ಅವನಿದ್ದಾನೆಂದು ಮನೆಯವರು ಮೈಮರೆಯದಿರಿ.